ಆ ಗಾಜು ಸುಮ್ನೆ ಕೂರುವುದಿಲ್ಲ

ಸಂಪಾದಕರಿಗೆ,

ಮೂಳೆಗೆ ಹಾಕುವ ಬಯೋಆಕ್ಟಿವ್ ಗಾಜಿನ ಬಗ್ಗೆ ನಿಮ್ಮ ವಿಜ್ಞಾನ ಪುಟದಲ್ಲಿ ಬಂದ ಲೇಖನ ಓದಿದೆ. 'ಈ ಗಾಜು ಒಳಗಿರುವುದು ಶರೀರಕ್ಕೆ ಗೊತ್ತೇ ಆಗುವುದಿಲ್ಲ' ಅಂತ ಅದರಲ್ಲೊಂದು ಸಾಲಿದೆ. ಲೇಖಕರು ಎಡವಿದ್ದು ಅಲ್ಲೇ.

ನಾನು 31 ವರ್ಷ ಲ್ಯಾಬಿನ ಗಾಜಿನ ಸಾಮಾನು ಊದಿ ಮಾಡಿದವನು. ನೀರಿಗೆ ಜಗ್ಗದ ಗಾಜೇ ನಮಗೆ ಒಳ್ಳೆ ಗಾಜು. ಸೋಡಾ ಗಾಜಿನ ಕೊಳವೆಗಳನ್ನು ತೇವದ ಕಪಾಟಿನಲ್ಲಿ ಮರೆತರೆ ಬೂದಿ ಸವರಿದ ಹಾಗೆ ಮಬ್ಬು ಕೂರುತ್ತದೆ. ಎಷ್ಟು ಉಜ್ಜಿದರೂ ಹೋಗದು. ಒಳಗಿನ ಸೋಡಿಯಂ ಹೊರಗೆ ಬಂದು, ಅಲ್ಲಿಗೆ ನೀರು ನುಗ್ಗಿದ ಗುರುತು ಅದು. ಅಂಥ ಕೊಳವೆ ಸೀದಾ ಕಸಕ್ಕೆ.

ಮೂಳೆಯ ಗಾಜಿಗೆ ಈ ದೋಷವೇ ಬಂಡವಾಳ. 1969ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ಲ್ಯಾರಿ ಹೆಂಚ್ ಮಾಡಿದ 45ಎಸ್5 ಗಾಜಿನಲ್ಲಿ, ತೂಕದ ಲೆಕ್ಕದಲ್ಲಿ, ನೀರಿಗೆ ಜಗ್ಗದಂತೆ ಗಾಜನ್ನು ಹಿಡಿದಿಡುವ ಸಿಲಿಕಾ ಶೇ 45 ಅಷ್ಟೇ. ನಮ್ಮ ಲ್ಯಾಬಿನ ಬೋರೋಸಿಲಿಕೇಟ್ ಗಾಜಿನಲ್ಲಿ 80ರ ಹತ್ತಿರ ಇರುತ್ತದೆ. ಉಳಿದದ್ದು ಸೋಡಿಯಂ ಆಕ್ಸೈಡ್, ಕ್ಯಾಲ್ಸಿಯಂ ಆಕ್ಸೈಡ್ ತಲಾ 24.5, ರಂಜಕದ ಆಕ್ಸೈಡ್ 6. ಕೆಲಸದಲ್ಲಿದ್ದಾಗ ಯಾರಾದರೂ ಇಂಥ ಗಾಜು ತಂದುಕೊಟ್ಟಿದ್ದರೆ ವಾಪಸ್ ಕಳಿಸುತ್ತಿದ್ದೆ.

ಮೈಯೊಳಗೆ ಹೋದ ಕೂಡಲೇ ಸೋಡಿಯಂ ಕಳಚಿಕೊಳ್ಳುತ್ತದೆ, ಸುತ್ತಲಿನ ದ್ರವ ಕ್ಷಾರವಾಗುತ್ತದೆ. ಗಾಜಿನ ಮೇಲೆ ಸಿಲಿಕಾದ ಲೋಳೆಯಂಥ ಪದರ ಉಳಿಯುತ್ತದೆ. ಅದರ ಮೇಲೆ ಕ್ಯಾಲ್ಸಿಯಂ, ಫಾಸ್ಫೇಟ್ ಬಂದು ಕೂತು, ಮೂಳೆಯಲ್ಲಿರುವಂಥದೇ ಖನಿಜವಾಗಿ ಮೆಲ್ಲಗೆ ಹರಳುಗಟ್ಟುತ್ತದೆ. ಆ ಪದರ ಬೆಳೆಯುವಾಗಲೇ ಶರೀರದ ನಾರಾದ ಕೊಲಾಜೆನ್ ಎಳೆಗಳು ಅದರಲ್ಲಿ ಸಿಕ್ಕಿಕೊಳ್ಳುತ್ತವೆ. ಅಂಟು ಹಾಕಿದ್ದಲ್ಲ, ನೇಯ್ದದ್ದು. ಮೊದಲು ಇಲಿಗಳ ತೊಡೆಮೂಳೆಯಲ್ಲಿಟ್ಟು ನೋಡಿದಾಗ, ಆರು ವಾರದ ಮೇಲೆ ಎಳೆದರೂ ಬರಲಿಲ್ಲವಂತೆ. ಶರೀರಕ್ಕೆ ಗೊತ್ತಾಗದೆ ಇದೆಲ್ಲ ಆಗುತ್ತಾ? ಸಿಲಿಕಾವನ್ನು ಶೇ 60 ದಾಟಿಸಿ ನೋಡಿ. ಗಾಜು ಗಟ್ಟಿಮುಟ್ಟಾಗಿ ಸುಮ್ನೆ ಕೂರುತ್ತದೆ, ಶರೀರ ಅದರ ಸುತ್ತ ನಾರಿನ ಗೋಡೆ ಕಟ್ಟಿ ದೂರ ಇಡುತ್ತದೆ.

ಇಷ್ಟು ಜಗಳಕ್ಕೆ ಕಾರಣ ನನ್ನ ಕೆಳದವಡೆ. ಹೋದ ವರ್ಷ ಹಲ್ಲಿನ ಬುಡದಲ್ಲಿ ಮೂಳೆ ಸವೆದು ಗುಂಡಿಯಾಗಿತ್ತು. ಡಾಕ್ಟರು ಪುಟ್ಟ ಬಟ್ಟಲಿನಲ್ಲಿ ಬಿಳಿ ಪುಡಿಗೆ ಸಲೈನ್ ಹನಿಸಿ ಕಲಸಿದರು. ಒದ್ದೆ ಮರಳಿನ ಹಾಗಿತ್ತು. ಗಾಜು ಅಂದಾಗ, ಬಟ್ಟಲನ್ನು ಹತ್ತಿರ ತರಿಸಿಕೊಂಡು ಚೆನ್ನಾಗಿ ನೋಡಿದ ಮೇಲೇ ಬಾಯಿ ತೆರೆದೆ. ಎಂಟು ತಿಂಗಳ ನಂತರ ಎಕ್ಸ್‌ರೇ ತೋರಿಸಿದರು. ಎರಡು ಗಾಜಿನ ಬೆಸುಗೆ ಎಲ್ಲಿದೆ ಅಂತ ಬೆಳಕಿಗೆ ಹಿಡಿದು ಹೇಳುತ್ತಿದ್ದ ನನಗೆ, ಗಾಜಿನ ಕಾಳು ಎಲ್ಲಿ ಮುಗಿದು ಮೂಳೆ ಎಲ್ಲಿ ಶುರು ಅಂತ ಗೆರೆ ಎಳೆಯಲು ಆಗಲಿಲ್ಲ.

ಇನ್ನೊಂದು. ಲೇಖನದ ಜೊತೆ ಸೊಂಟದ ಕೀಲಿನ ಚಿತ್ರ ಹಾಕಿದ್ದೀರಿ. ಎಷ್ಟಾದರೂ ಗಾಜು ಗಾಜೇ ಅಲ್ವಾ, ಒಡೆಯುತ್ತದೆ. ಗುಂಡಿ ತುಂಬಲು ಸರಿ, ಇಡೀ ಮೈಭಾರ ಹೊರಲು ಅದೊಂದನ್ನೇ ನೆಚ್ಚುವಂತಿಲ್ಲ. ತಿದ್ದುಪಡಿ ಹಾಕುವಾಗ ಚಿತ್ರವನ್ನೂ ಬದಲಿಸಿ.

ಇತಿ,
ನಿವೃತ್ತ ಗಾಜುಕೆಲಸಗಾರ