ಸಣ್ಣ ಪಬ್‌ಗಳ ಉಳಿವು: ಕೆಗ್‌ನ ಲೆಕ್ಕವನ್ನೂ ನೋಡಿ

ಮಾನ್ಯ ಸಂಪಾದಕರೇ,

ಬೆಂಗಳೂರಿನಲ್ಲಿ ಹಳೆಯ ಪಬ್ಬೊಂದು ಬಾಗಿಲು ಹಾಕಿದಾಗಲೆಲ್ಲ ಪತ್ರಿಕೆಗಳಲ್ಲಿ ಎರಡು ಬಗೆಯ ಬರಹ ಬರುತ್ತದೆ. ಒಂದರಲ್ಲಿ ತೊಂಬತ್ತರ ದಶಕದ ರಾಕ್ ಸಂಗೀತ, ಗೋಡೆಯ ಪೋಸ್ಟರು, ಹೋದ ಊರಿನ ಹಳಹಳಿಕೆ. ಇನ್ನೊಂದರಲ್ಲಿ ‘ಪೀಡೆ ತೊಲಗಿತು’ ಎಂಬ ಸಮಾಧಾನ. ಪಬ್ ಯಾಕೆ ಮುಚ್ಚಿತು ಅನ್ನುವುದು ಎರಡರಲ್ಲೂ ಸಿಗುವುದಿಲ್ಲ. ಡ್ರಾಟ್ ಬಿಯರ್ (ಪೀಪಾಯಿಯಿಂದ ನಲ್ಲಿಯ ಮೂಲಕ ಮಗ್ಗಿಗೆ ಇಳಿಸುವ ಬಿಯರ್) ಯಂತ್ರ ಕೂರಿಸುವ, ಪೈಪು ತೊಳೆಯುವ, ರಿಪೇರಿ ಮಾಡುವ ಕಸುಬಿನವರಾದ ನಾವು ಮೊದಲು ನೋಡುವುದು ಒಂದೇ ಸಂಗತಿ: ತೆರೆದ ಕೆಗ್ (ಬಿಯರಿನ ಲೋಹದ ಪೀಪಾಯಿ) ಖಾಲಿಯಾಗಲು ಎಷ್ಟು ದಿನ ಹಿಡಿಯುತ್ತಿದೆ ಎಂದು. ಐದು ದಿನ ದಾಟುತ್ತಿದ್ದರೆ ಆ ಪಬ್ಬಿಗೆ ಕಂಟಕ ಶುರುವಾಗಿದೆ ಎಂದೇ ಅರ್ಥ.

ಎಂಬತ್ತರ ದಶಕದ ನಡುಭಾಗದಲ್ಲಿ ಚರ್ಚ್ ಸ್ಟ್ರೀಟ್, ಬ್ರಿಗೇಡ್ ರಸ್ತೆಯ ಸುತ್ತ ಪಬ್‌ಗಳು ಹುಟ್ಟಿಕೊಂಡಾಗ ಅವು ಮಾರುತ್ತಿದ್ದುದು ಮುಖ್ಯವಾಗಿ ಡ್ರಾಟ್ ಬಿಯರ್. ಗಗನನೌಕೆಯಂತೆ ಒಳಾಂಗಣ ಮಾಡಿದ್ದ ನಾಸಾ, 1989ರಲ್ಲಿ ಶುರುವಾದ ರೆಸ್ಟ್ ಹೌಸ್ ರಸ್ತೆಯ ಪೆಕೋಸ್ ಇಂಥವುಗಳ ಹೆಸರು ಹೊರಗಿನವರಿಗೂ ಗೊತ್ತು. ಈಗ ಯುಬಿ ಸಿಟಿ ನಿಂತಿರುವ ಜಾಗದಲ್ಲಿ ಒಂದು ಕಾಲಕ್ಕೆ ಬ್ರೂವರಿಯೇ ಇತ್ತು. ಬಿಯರ್ ದೂರದಿಂದ ಬರಬೇಕಿರಲಿಲ್ಲ, ಊರಿನ ಹವೆ ತಂಪಾಗಿತ್ತು, ಮಗ್ಗಿನ ಬೆಲೆ ಕಾಲೇಜು ಹುಡುಗರ ಕೈಗೂ ಎಟುಕುತ್ತಿತ್ತು. ಸೋಮವಾರವೂ ಕೆಗ್ ಖಾಲಿಯಾಗುತ್ತಿತ್ತು.

ಸೋಮವಾರ ಯಾಕೆ ಮುಖ್ಯ ಎಂದು ಹೇಳಬೇಕು. ಬಾಟಲಿ ಬಿಯರನ್ನು ಬಿಸಿನೀರು ಸಿಂಪಡಿಸಿ ಪಾಶ್ಚರೀಕರಿಸಿರುತ್ತಾರೆ. ತಿಂಗಳುಗಟ್ಟಲೆ ಕಪಾಟಿನಲ್ಲಿಟ್ಟರೂ ಮಾರಬಹುದು. ಡ್ರಾಟ್ ಬಿಯರನ್ನು ಸಾಮಾನ್ಯವಾಗಿ ಹಾಗೆ ಮಾಡಿರುವುದಿಲ್ಲ. ಅದು ಹಾಲಿನ ಹಾಗೆ: ತಣ್ಣಗಿರಬೇಕು, ಬೇಗ ಮುಗಿಯಬೇಕು. ಕೆಗ್‌ಗೆ ಕಪ್ಲರ್ (ಗ್ಯಾಸು, ಪೈಪು ಜೋಡಿಸುವ ಬಿರಡೆ) ಸಿಕ್ಕಿಸಿ ಇಂಗಾಲದ ಡೈಆಕ್ಸೈಡ್ ಕೊಟ್ಟ ಮೇಲೆ, 2ರಿಂದ 4 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟರೆ, ಐದರಿಂದ ಏಳು ದಿನ ರುಚಿ ನಿಲ್ಲುತ್ತದೆ. ಗ್ಯಾಸಿನ ಬದಲು ಕೈಪಂಪಿನಲ್ಲಿ ಗಾಳಿ ಹೊಡೆದರೆ ಮಾರನೆಯ ದಿನಕ್ಕೇ ಆಮ್ಲಜನಕದಿಂದ ಹಳಸಲು ವಾಸನೆ ಬರುತ್ತದೆ.

ಈಗ ಲೆಕ್ಕ ಹಾಕಿ. 30 ಲೀಟರಿನ ಕೆಗ್‌ನಲ್ಲಿ 330 ಮಿ.ಲೀ.ನ 90 ಮಗ್ ಸಿಗಬೇಕು. ಮೊದಲ ನೊರೆ, ಚೆಲ್ಲಿದ್ದು, ಪೈಪಿನಲ್ಲಿ ಉಳಿದದ್ದು ಕಳೆದರೆ ಕೈಗೆ ಬರುವುದು ಹೆಚ್ಚೂಕಡಿಮೆ 78. ಐದು ದಿನದಲ್ಲಿ ಮುಗಿಯಬೇಕಾದರೆ ಒಂದು ಟ್ಯಾಪಿನಿಂದ ದಿನಕ್ಕೆ 16 ಮಗ್ ಹೋಗಬೇಕು. ಶೋಕಿಗಾಗಿ ನಾಲ್ಕು ಟ್ಯಾಪ್ ಹಾಕಿಸಿಕೊಂಡಿದ್ದರೆ ದಿನಕ್ಕೆ ಅರವತ್ತಕ್ಕೂ ಹೆಚ್ಚು. ನಲವತ್ತು ಕುರ್ಚಿಯ ಪಬ್ಬಿಗೆ ಶನಿವಾರ ಇದು ಲೆಕ್ಕಕ್ಕೇ ಇಲ್ಲ, ಮಂಗಳವಾರ ಅಸಾಧ್ಯ. ಭಾನುವಾರ ರಾತ್ರಿ ತೆರೆದ ಕೆಗ್ ಶುಕ್ರವಾರದವರೆಗೆ ಎಳೆಯುತ್ತದೆ. ಶುಕ್ರವಾರ ಬಂದ ಗಿರಾಕಿಗೆ ಸಪ್ಪೆ ಬಿಯರ್ ಸಿಗುತ್ತದೆ, ಮುಂದಿನ ಶುಕ್ರವಾರ ಆತ ಬರುವುದಿಲ್ಲ. ಆಗ ಕೆಗ್ ಇನ್ನೂ ಒಂದು ದಿನ ಹೆಚ್ಚು ಉಳಿಯುತ್ತದೆ. ಕೊನೆಗೆ ಮಾಲೀಕರು ‘ಡ್ರಾಟ್ ಓಡಲ್ಲ ಸಾರ್’ ಅಂದು ಯಂತ್ರ ಬಿಚ್ಚಿಸಿ 650 ಮಿ.ಲೀ.ನ ಸ್ಟ್ರಾಂಗ್ ಬಾಟಲಿ ಇಡುತ್ತಾರೆ. ಅದೇ ಬಾಟಲಿ ಪಕ್ಕದ ಎಂಆರ್‌ಪಿ ಅಂಗಡಿಯಲ್ಲಿ ಕಡಿಮೆ ದುಡ್ಡಿಗೆ ಸಿಗುವಾಗ ಒಳಗೆ ಬಂದು ಕೂರುವವರು ಯಾರು?

ವಾರದ ನಡುವೆ ಬರುತ್ತಿದ್ದ ಈ ಗಿರಾಕಿಯನ್ನು ಒಂದಾದ ಮೇಲೊಂದು ಪೆಟ್ಟು ದೂರ ಮಾಡಿತು. 2017 ಅತ್ಯಂತ ಕೆಟ್ಟ ವರ್ಷ. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರುವಂತಿಲ್ಲ ಎಂಬ ಸುಪ್ರೀಂ ಕೋರ್ಟ್ ಆದೇಶದಿಂದ ಜುಲೈ 1ರಂದು ಎಂ.ಜಿ. ರಸ್ತೆಯ ಆಸುಪಾಸಿನ ಬಾರುಗಳು ಮುಚ್ಚಿದವು. ಪಟ್ಟಣ ಮಿತಿಯೊಳಗಿನ ರಸ್ತೆಗಳಿಗೆ ಅದು ಅಡ್ಡಿಯಲ್ಲ ಎಂಬ ಸ್ಪಷ್ಟನೆ ಅದೇ ತಿಂಗಳು ಬಂದರೂ ಸನ್ನದು ಮರಳಿ ಕೈಸೇರಲು ತಡವಾಯಿತು. ಅದೇ ವರ್ಷ ಚರ್ಚ್ ಸ್ಟ್ರೀಟನ್ನು ಕಲ್ಲು ಹಾಸಲು ಅಗೆದಿದ್ದರು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಮೇ ತಿಂಗಳಲ್ಲಿ ಬಾಟಲಿ ಪಾರ್ಸೆಲ್‌ಗೆ ಅವಕಾಶ ಸಿಕ್ಕಿತು. ಕೆಗ್ಗನ್ನು ಪಾರ್ಸೆಲ್ ಕೊಡುವುದು ಹೇಗೆ? ಕುಳಿತು ಕುಡಿಯಲು ಅನುಮತಿ ಸಿಕ್ಕಿದ್ದು ಸೆಪ್ಟೆಂಬರ್ 1ಕ್ಕೆ. ಅಷ್ಟರಲ್ಲಿ ದಾಸ್ತಾನಿದ್ದ ಡ್ರಾಟ್ ಕೆಟ್ಟಿತ್ತು, ತೊಳೆಯದೆ ಬಿಟ್ಟ ಪೈಪುಗಳಲ್ಲಿ ಪಾಚಿಗಟ್ಟಿತ್ತು. ಅವನ್ನು ತೊಳೆದರೆ ಸಾಲದು, ಹೊಸದೇ ಹಾಕಬೇಕು.

ತೆರಿಗೆಯದು ಬೇರೆ ಕತೆ. ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕವನ್ನು 2023ರ ಜುಲೈ ಬಜೆಟ್‌ನಲ್ಲಿ ಶೇ 175ರಿಂದ 185ಕ್ಕೆ, 2024ರಲ್ಲಿ ಶೇ 195ಕ್ಕೆ ಏರಿಸಿದರು. ಇದು ಎಲ್ಲರಿಗೂ ಗೊತ್ತು. ಬಾಡಿಗೆಯ ಮೇಲಿನ ಜಿಎಸ್‌ಟಿಯ ಬಗ್ಗೆ ಮಾತ್ರ ಯಾರೂ ಮಾತಾಡುವುದಿಲ್ಲ. ಸಾವಿರ ಚದರಡಿ ಜಾಗ, ಚದರಡಿಗೆ 150 ರೂಪಾಯಿ ಬಾಡಿಗೆ ಎಂದಿಟ್ಟುಕೊಳ್ಳಿ. ತಿಂಗಳಿಗೆ ಒಂದೂವರೆ ಲಕ್ಷ, ಅದರ ಮೇಲೆ ಶೇ 18ರಂತೆ 27,000. ಮದ್ಯ ಜಿಎಸ್‌ಟಿಯ ಹೊರಗಿದೆ, ಊಟ ತಿಂಡಿಯ ಶೇ 5ರ ತೆರಿಗೆಯಲ್ಲಿ ಹೂಡುವಳಿ ತೆರಿಗೆಯನ್ನು, ಅಂದರೆ ಬಾಡಿಗೆ, ಖರೀದಿಗಳ ಮೇಲೆ ಮೊದಲೇ ಕಟ್ಟಿದ ತೆರಿಗೆಯನ್ನು, ವಜಾ ಮಾಡಿಕೊಳ್ಳುವಂತಿಲ್ಲ. ಹಾಗಾಗಿ ಆ 27,000 ಎಲ್ಲೂ ಹೊಂದಾಣಿಕೆಯಾಗದೆ ಪೂರ್ತಿ ಖರ್ಚಿಗೇ ಬೀಳುತ್ತದೆ. ಪಕ್ಕದ ಬಟ್ಟೆ ಅಂಗಡಿಯವರು ಇದೇ ಮೊತ್ತವನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳುತ್ತಾರೆ.

ಕುಡಿದು ಗಾಡಿ ಓಡಿಸುವವರಿಗೆ 2019ರಿಂದ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡವಿದೆ. 100 ಮಿ.ಲೀ. ರಕ್ತದಲ್ಲಿ 30 ಮಿಲಿಗ್ರಾಂ ದಾಟುವಂತಿಲ್ಲ. ನ್ಯಾಯವಾಗಿ ಇದರ ಲಾಭ ನಡೆದು ಹೋಗುವಷ್ಟು ಹತ್ತಿರದ ಪಬ್ಬಿಗೆ ಆಗಬೇಕಿತ್ತು. ಆಗಲಿಲ್ಲ, ಏಕೆಂದರೆ ಬಡಾವಣೆಗಳಲ್ಲಿ ಅಂಥ ಪಬ್ ತೆರೆಯಲು ಹೊಸ ಸನ್ನದೇ ಸಿಗುತ್ತಿರಲಿಲ್ಲ. ಚಿಲ್ಲರೆ ಅಂಗಡಿಯ ಸಿಎಲ್-2, ಬಾರ್ ಅಂಡ್ ರೆಸ್ಟೋರೆಂಟಿನ ಸಿಎಲ್-9 ಸನ್ನದುಗಳನ್ನು 1992ರಿಂದ ಹೊಸದಾಗಿ ಕೊಡುವುದನ್ನು ನಿಲ್ಲಿಸಿದ್ದರು. ಊರು ನಾಲ್ಕೂ ದಿಕ್ಕಿಗೆ ಬೆಳೆಯಿತು, ಸನ್ನದು ಮಾತ್ರ ಅಷ್ಟೇ ಉಳಿಯಿತು. ಇದ್ದವು ಆಸ್ತಿಯಾದವು: ಹೆಸರು ಒಬ್ಬರದು, ವ್ಯಾಪಾರ ಇನ್ನೊಬ್ಬರದು. ಸನ್ನದಿಗೇ ಇಷ್ಟು ಹಣ ಸುರಿದವರು ನಲವತ್ತು ಕುರ್ಚಿ ಹಾಕಿ ಕೂರುವುದಿಲ್ಲ. ಮೂರು ಮಹಡಿ, ಡಿಜೆ, ಮೇಲ್ಛಾವಣಿ ಬೇಕಾಗುತ್ತದೆ.

ತಾವೇ ಬಿಯರ್ ತಯಾರಿಸಿ ಅಲ್ಲೇ ಮಾರುವ ಮೈಕ್ರೋಬ್ರೂವರಿಗಳೇ ಸಣ್ಣ ಪಬ್ಬನ್ನು ಕೊಂದವು ಎಂಬ ಮಾತಿದೆ. ನಾವು ಒಪ್ಪುವುದಿಲ್ಲ. 2011ರಲ್ಲಿ ಲ್ಯಾವೆಲ್ ರಸ್ತೆಯ ಬಿಯರ್ ಕ್ಲಬ್‌ನಿಂದ ಶುರುವಾದ ಆ ಅಲೆ ಜನರಿಗೆ ತಾಜಾ ಬಿಯರಿನ ರುಚಿ ಕಲಿಸಿತು. ಹಳೆಯ ಪಬ್ಬಿನ ಕೊಳಕು ಪೈಪು ಆಮೇಲೆ ಬಾಯಿಗೆ ಸಿಗಲು ಶುರುವಾಯಿತು ಅನ್ನುವುದು ನಿಜ. ಆ ತಪ್ಪು ಪೈಪು ತೊಳೆಯದವರದು.

ಇಲ್ಲಿ ನಮ್ಮ ಕಸುಬಿನ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ಹದಿನಾಲ್ಕು ದಿನಕ್ಕೊಮ್ಮೆಯಾದರೂ ಪೈಪಿಗೆ ಶೇ 2ರ ಕಾಸ್ಟಿಕ್ ಸೋಡಾ ದ್ರಾವಣವನ್ನು ಉಗುರುಬೆಚ್ಚಗೆ ಮಾಡಿ, ಪಂಪಿನಿಂದ 15 ನಿಮಿಷ ಸುತ್ತಿಸಬೇಕು. ಪಂಪ್ ಇಲ್ಲದಿದ್ದರೆ ತುಂಬಿಸಿ 20 ನಿಮಿಷ ಬಿಡಬೇಕು. ಆಮೇಲೆ ತಣ್ಣೀರು ಬಿಟ್ಟು, ಹೊರಬರುವ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) ಒಳಬಿಟ್ಟ ನೀರಿನಷ್ಟೇ ಆಗುವವರೆಗೆ ತೊಳೆಯಬೇಕು. ಕಾಸ್ಟಿಕ್ ಉಳಿದರೆ ಗಂಟಲು ಸುಡುತ್ತದೆ, ಈ ಹಂತದಲ್ಲಿ ಅಂದಾಜು ನಡೆಯುವುದಿಲ್ಲ, ಪಿಎಚ್ ಕಾಗದದ ಪಟ್ಟಿ ಅದ್ದಿ ಪರೀಕ್ಷಿಸಲೇಬೇಕು. ಮೂರು ತಿಂಗಳಿಗೊಮ್ಮೆ ಆಮ್ಲದಿಂದ ತೊಳೆಯಬೇಕು. ಪೈಪಿನೊಳಗೆ ಕಟ್ಟುವ ಕ್ಯಾಲ್ಸಿಯಂ ಆಕ್ಸಲೇಟ್ ಹಕ್ಕಳೆ, ಅಂದರೆ ಬಿಯರ್ ಸ್ಟೋನ್, ಕಾಸ್ಟಿಕ್‌ಗೆ ಬಗ್ಗುವುದಿಲ್ಲ. ಟ್ಯಾಪನ್ನು ಬಿಚ್ಚಿ ಬ್ರಷ್ ಹಾಕಿ ಉಜ್ಜಬೇಕು. ಬಿಯರಿನಲ್ಲಿ ವಿನೆಗರ್ ಹುಳಿ ಬಂದರೆ ಮೊದಲು ಟ್ಯಾಪಿನ ಬಾಯಿ ನೋಡಿ. ಬೆಣ್ಣೆಯ ಅಥವಾ ಪಾಪ್‌ಕಾರ್ನಿನ ವಾಸನೆ ಬಂದರೆ ಹೆಚ್ಚಿನ ಸಲ ಪೈಪಿನೊಳಗಿನ ಬ್ಯಾಕ್ಟೀರಿಯಾದ ಕೆಲಸ.

ಮಾಲೀಕರು ತೊಳೆಸದಿರುವುದಕ್ಕೆ ಕಾರಣ ಸೋಮಾರಿತನ ಒಂದೇ ಅಲ್ಲ. 8 ಮಿ.ಮೀ. ಒಳವ್ಯಾಸದ ಹತ್ತು ಮೀಟರ್ ಪೈಪಿನಲ್ಲಿ ಅರ್ಧ ಲೀಟರ್ ಬಿಯರ್ ನಿಂತಿರುತ್ತದೆ. ನಾಲ್ಕು ಟ್ಯಾಪ್ ಎಂದರೆ ಎರಡು ಲೀಟರ್ ಚರಂಡಿಗೆ. ಇದನ್ನು ಉಳಿಸಲು ಹೋಗಿ ಇಡೀ ಕೆಗ್ ಕೆಡಿಸಿಕೊಳ್ಳುತ್ತಾರೆ. ಕೋಲ್ಡ್ ರೂಮನ್ನು ಕೌಂಟರಿನ ಹಿಂದಿನ ಗೋಡೆಗೇ ತಂದು ಪೈಪು ಎರಡು ಮೀಟರಿಗೆ ಇಳಿಸಿದರೆ ಈ ಜಗಳವೇ ಇರುವುದಿಲ್ಲ.

ನೊರೆ ಇನ್ನೊಂದು ಕಾಯಂ ದೂರು. ಶನಿವಾರ ರಾತ್ರಿ ಒಂಬತ್ತಕ್ಕೆ ಕೆಗ್ ಮುಗಿಯುತ್ತದೆ, ಹುಡುಗರು ಹೊರಗಿಟ್ಟ ಬಿಸಿ ಕೆಗ್ ತಂದು ಸಿಕ್ಕಿಸುತ್ತಾರೆ. ಅಂಥ ಕೆಗ್ ಕೋಲ್ಡ್ ರೂಮಿನಲ್ಲಿ ಪೂರ್ತಿ ತಣಿಯಲು ಒಂದು ಹಗಲು ಒಂದು ರಾತ್ರಿ ಬೇಕು. ನೊರೆ ಉಕ್ಕಿದಾಗ ಎಲ್ಲರೂ ಮಾಡುವ ತಪ್ಪು ರೆಗ್ಯುಲೇಟರ್ ಇಳಿಸುವುದು. ಒತ್ತಡ ಇಳಿದರೆ ಗ್ಯಾಸ್ ಬಿಯರಿನಿಂದ ಬಿಟ್ಟುಕೊಂಡು ಪೈಪಿನಲ್ಲೇ ಗುಳ್ಳೆಯಾಗುತ್ತದೆ, ನೊರೆ ಇನ್ನೂ ಹೆಚ್ಚುತ್ತದೆ, ಕೆಳಗಿನ ಬಿಯರ್ ಸಪ್ಪೆಯಾಗುತ್ತದೆ. 3 ಡಿಗ್ರಿಯ ಸಾಮಾನ್ಯ ಲಾಗರ್‌ಗೆ ಸಮುದ್ರಮಟ್ಟದಲ್ಲಿ 12 ಪಿಎಸ್‌ಐ (ಗ್ಯಾಸಿನ ಒತ್ತಡದ ಅಳತೆ) ಸಾಕು. ಬೆಂಗಳೂರು 3,000 ಅಡಿ ಎತ್ತರದಲ್ಲಿರುವುದರಿಂದ ಇಲ್ಲಿ ಒಂದೂವರೆ ಪಿಎಸ್‌ಐ ಹೆಚ್ಚು ಇಡಬೇಕು. ಕರಾವಳಿಯಲ್ಲಿ ಕೆಲಸ ಕಲಿತು ಬಂದವರು ಇದನ್ನು ಮರೆಯುವುದುಂಟು.

ಗ್ಲಾಸಿನ ಬಗ್ಗೆ ಒಂದೇ ಮಾತು: ಕಬಾಬಿನ ತಟ್ಟೆ ತೊಳೆದ ತೊಟ್ಟಿಯಲ್ಲಿ ಅದನ್ನು ಅದ್ದಬೇಡಿ. ಎಣ್ಣೆಯ ಪಸೆ ಇದ್ದರೆ ಗುಳ್ಳೆಗಳು ಗಾಜಿನ ಒಳಮೈಗೆ ಅಂಟಿಕೊಳ್ಳುತ್ತವೆ, ಮೇಲಿನ ನೊರೆ ನಿಮಿಷದಲ್ಲಿ ಕರಗುತ್ತದೆ. ಗಿರಾಕಿ ಕಣ್ಣಿನಲ್ಲೇ ಪತ್ತೆ ಹಚ್ಚಬಹುದು.

ಅಕ್ಕಪಕ್ಕದ ಮನೆಯವರ ದೂರನ್ನು ನಮ್ಮ ಉದ್ಯಮ ಹಗುರವಾಗಿ ನೋಡಿದ್ದೂ ಪಬ್‌ಗಳ ಹೆಸರು ಕೆಡಲು ಕಾರಣ. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರ ನಂತರ 45 ಡೆಸಿಬೆಲ್ ಮಿತಿ. ಅಳೆಯುವ ‘ಎ’ ಮಾಪನ ಮಂದ್ರ ಸ್ವರವನ್ನು ಬಹಳ ಕಡಿಮೆ ತೋರಿಸುತ್ತದೆ. ಹಾಗಾಗಿ ಮೀಟರಿನಲ್ಲಿ ಎಲ್ಲ ಸರಿಯಿದ್ದೂ ಪಕ್ಕದ ಮನೆಯ ಕಿಟಕಿ ಗಾಜು ಅದುರುತ್ತಿರುತ್ತದೆ. ಸಬ್‌ವೂಫರನ್ನು ಹತ್ತಕ್ಕೆ ಆರಿಸಿ, ನೆಲಕ್ಕೆ ತಾಗದಂತೆ ರಬ್ಬರ್ ಪ್ಯಾಡಿನ ಮೇಲಿಟ್ಟರೆ ಅರ್ಧ ಜಗಳ ಮುಗಿಯುತ್ತದೆ. ಸಿಗರೇಟಿನದು ಕಷ್ಟ. 2008ರ ನಿಯಮದಂತೆ ಮೂವತ್ತು ಕುರ್ಚಿಗಿಂತ ಕಡಿಮೆಯಿದ್ದರೆ ಒಳಗೆ ಧೂಮಪಾನದ ಕೋಣೆ ಮಾಡುವಂತಿಲ್ಲ, ಗಿರಾಕಿಗಳು ಫುಟ್‌ಪಾತಿಗೆ ಬರುತ್ತಾರೆ, ಮಾತು ಜೋರಾಗುತ್ತದೆ. ಬಾಗಿಲಲ್ಲಿ ಒಬ್ಬರನ್ನು ನಿಲ್ಲಿಸುವುದನ್ನು ಬಿಟ್ಟರೆ ನಮಗೆ ಬೇರೆ ದಾರಿ ತೋಚಿಲ್ಲ.

2025–26ರ ರಾಜ್ಯ ಬಜೆಟ್‌ನಲ್ಲಿ ಸನ್ನದುಗಳನ್ನು ಇ-ಹರಾಜಿನಲ್ಲಿ ಕೊಡುವ ಮಾತು ಬಂತು. ಪಾರದರ್ಶಕತೆ ಬೇಕು, ನಿಜ. ಆದರೆ ಹೆಚ್ಚು ಕೂಗಿದವರಿಗೆ ಸಿಗುವ ಸನ್ನದು ಮತ್ತೆ ಮೂರು ಮಹಡಿಗೇ ಹೋಗುತ್ತದೆ. ಸ್ಪಿರಿಟ್ (ವಿಸ್ಕಿ, ರಮ್‌ನಂಥ ಮದ್ಯ) ಇಲ್ಲದ, ಪಾರ್ಸೆಲ್ ಇಲ್ಲದ, ಡ್ರಾಟ್ ಬಿಯರ್ ಮತ್ತು ತಿಂಡಿಗೆ ಮಾತ್ರ ಸೀಮಿತವಾದ, ಐವತ್ತು ಕುರ್ಚಿ ಮೀರದ, ಇನ್ನೊಬ್ಬರಿಗೆ ವರ್ಗಾಯಿಸಲಾಗದ ಒಂದು ಸನ್ನದನ್ನು ಹರಾಜಿನ ಹೊರಗಿಟ್ಟು ಅಬಕಾರಿ ಇಲಾಖೆ ಪ್ರಯತ್ನಿಸಿ ನೋಡಲಿ. ಶುಲ್ಕವನ್ನು ಕುರ್ಚಿಯ ಲೆಕ್ಕದಲ್ಲಿ ಹಾಕಲಿ. ಶಾಲೆ, ದೇವಸ್ಥಾನದಿಂದ 100 ಮೀಟರಿನ ಷರತ್ತು ಹಾಗೇ ಇರಲಿ, ರಾತ್ರಿ ಒಂದರ ಬದಲು ಹನ್ನೊಂದಕ್ಕೇ ಮುಚ್ಚಿಸಲಿ. ರಿಯಾಯಿತಿ ದರದ ಬಿಯರನ್ನು ನಾವು ಕೇಳುತ್ತಿಲ್ಲ.

ಈಗಾಗಲೇ ನಡೆಸುತ್ತಿರುವ ಸಣ್ಣ ಪಬ್‌ಗಳವರು ಸರ್ಕಾರಕ್ಕೆ ಕಾಯಬೇಕಿಲ್ಲ. ನಾಲ್ಕು ಟ್ಯಾಪಿದ್ದರೆ ಎರಡಕ್ಕೆ ಇಳಿಸಿ, 50 ಲೀಟರಿನ ಕೆಗ್ ಬದಲು 30ರದ್ದು ತರಿಸಿ, ಭಾನುವಾರ ರಾತ್ರಿ ಒಂಬತ್ತರ ನಂತರ ಹೊಸ ಕೆಗ್ ತೆರೆಯಬೇಡಿ. ಕೆಗ್ ತೆರೆದ ದಿನಾಂಕ, ಪೈಪು ತೊಳೆದ ದಿನಾಂಕ ಎರಡನ್ನೂ ಕೌಂಟರಿನ ಮೇಲೆ ಗಿರಾಕಿಗೆ ಕಾಣುವಂತೆ ಸ್ಲೇಟಿನಲ್ಲಿ ಬರೆದಿಡಿ. ಇಲಾಖೆಗೆ ಮನಸ್ಸಿದ್ದರೆ ಜುಲೈ 1ಕ್ಕೆ ಶುರುವಾಗುವ ಸನ್ನದು ವರ್ಷದಿಂದ ಈ ಸ್ಲೇಟನ್ನೂ ಒಂದು ಷರತ್ತಾಗಿ ಸೇರಿಸಬಹುದು.

– ಡ್ರಾಟ್ ಬಿಯರ್ ಯಂತ್ರ ನಿರ್ವಹಣೆಯ ಕಸುಬಿನವರು, ಬೆಂಗಳೂರು