ಹೂತಿಟ್ಟ ಹೊನ್ನು, ಹೃದಯ: ಮಗಳಿಗೊಂದು ಪತ್ರ

ಗದಗ

ಮಗಳೇ,

ಶ್ರಾವಣದ ಕಾರ್ಯಕ್ರಮದಲ್ಲಿ ‘ನಿಧಿ ಮತ್ತು ಹೃದಯ’ ಅಂತ ಅರ್ಧ ತಾಸು ಮಾತು, ಹಾಡು ಎರಡೂ ನಿನ್ನ ಪಾಲಿಗೆ ಬಂದಿವೆ ಎಂದು ತಿಳಿದು ಬಹಳ ಖುಷಿಯಾಯಿತು. ಈ ವಿಷಯ ಸಿಕ್ಕವರು ಬಂಗಾರ ಕೆಟ್ಟದ್ದು, ಭಕ್ತಿ ಒಳ್ಳೆಯದು ಎಂದು ಹೇಳಿ ಮುಗಿಸಿಬಿಡುತ್ತಾರೆ. ನೀನು ಹಾಗೆ ಮಾಡಬೇಡ. ನಿಧಿ ಎಲ್ಲಿದೆ, ಅದಕ್ಕೆ ಏನು ಮಾಡಬೇಕು ಎಂಬಲ್ಲಿ ಒಬ್ಬೊಬ್ಬರದು ಒಂದೊಂದು ದಾರಿ. ಆ ವ್ಯತ್ಯಾಸ ಕೇಳುವವರಿಗೆ ಗೊತ್ತಾಗಬೇಕು.

ಛಾಂದೋಗ್ಯ ಉಪನಿಷತ್ತಿನ 8ನೇ ಅಧ್ಯಾಯದಿಂದ ಸುರು ಮಾಡು. ಹೊಲದ ಗುಟ್ಟು ಅರಿಯದವರು ಹೂತ ಬಂಗಾರದ ಮೇಲೆಯೇ ಅಡ್ಡಾಡಿದರೂ ಅದು ಅವರಿಗೆ ಸಿಗುವುದಿಲ್ಲ, ಹಾಗೆಯೇ ಜೀವಿಗಳು ದಿನಾ ಬ್ರಹ್ಮಲೋಕಕ್ಕೆ ಹೋಗಿಯೂ ಅದನ್ನು ಕಾಣುವುದಿಲ್ಲ ಎನ್ನುತ್ತದೆ. ಅದರ ಬೆನ್ನಿಗೇ ಆತ್ಮ ಇರುವುದು ಹೃದಯದಲ್ಲಿ ಎಂಬ ಮಾತು ಬರುತ್ತದೆ. ಇದಕ್ಕೆ ಎರಡು ನಿಮಿಷ ಸಾಕು.

ಹೆಚ್ಚು ಹೊತ್ತು ಅಕ್ಕಮಹಾದೇವಿಯ ವಚನಕ್ಕೆ ಕೊಡು (ನಿಧಾನ ಅಂದರೆ ಇಲ್ಲಿ ನಿಧಿ): ‘ನೆಲದ ಮರೆಯ ನಿಧಾನದಂತೆ, ಫಲದ ಮರೆಯ ರುಚಿಯಂತೆ, ಶಿಲೆಯ ಮರೆಯ ಹೇಮದಂತೆ, ತಿಲದ ಮರೆಯ ತೈಲದಂತೆ, ಮರದ ಮರೆಯ ತೇಜದಂತೆ...’ ಹಾಡುವವರು ಈ ಐದನ್ನೂ ಒಂದೇ ಉಸಿರಿನಲ್ಲಿ ಓಡಿಸಿಬಿಡುತ್ತಾರೆ. ಆಗ ಎಲ್ಲವೂ ಒಂದೇ ಮಾತಿನ ಹಾಗೆ ಕೇಳಿಸುತ್ತದೆ. ಆದರೆ ಪ್ರತಿಯೊಂದಕ್ಕೂ ಬೇರೆ ಕೆಲಸ ಬೇಕು. ನಿಧಿಯನ್ನು ಅಗೆಯಬೇಕು, ಹಣ್ಣನ್ನು ಬಾಯಿಗಿಡಬೇಕು, ಕಲ್ಲನ್ನು ಪುಡಿಮಾಡಿ ಕರಗಿಸಬೇಕು, ಎಳ್ಳನ್ನು ಗಾಣಕ್ಕೆ ಹಾಕಬೇಕು, ಕಟ್ಟಿಗೆಯನ್ನು ಮಥಿಸಿ ಬೆಂಕಿ ತೆಗೆಯಬೇಕು. ಎಳ್ಳಿನ ತೂಕದಲ್ಲಿ ಸುಮಾರು ಅರ್ಧ ಎಣ್ಣೆಯೇ. ನಮ್ಮ ಕಪ್ಪತಗುಡ್ಡದ ಚಿನ್ನದ ಕಲ್ಲನ್ನು ನೆನೆಸು: ಟನ್‌ಗಟ್ಟಲೆ ಒಡೆದರೆ ಗ್ರಾಂ ಲೆಕ್ಕದಲ್ಲಿ ಬಂಗಾರ. ಇಷ್ಟು ಅಂತರ ಇರುವವನ್ನು ಅಕ್ಕ ಅಕ್ಕಪಕ್ಕ ಕೂರಿಸಿದ್ದಾಳೆ. ಆಮೇಲೆ ‘ಭಾವದ ಮರೆಯ ಬ್ರಹ್ಮ’ ಎನ್ನುತ್ತಾಳೆ. ಅದಕ್ಕೆ ಗುದ್ದಲಿಯೂ ಇಲ್ಲ, ಗಾಣವೂ ಇಲ್ಲ. ಚೆನ್ನಮಲ್ಲಿಕಾರ್ಜುನನ ನಿಲವನ್ನು ಅರಿಯಬಾರದು ಎಂದು ಮುಗಿಸುತ್ತಾಳೆ. ಆದ್ದರಿಂದ ಐದು ಸಾಲಿಗೂ ಒಂದೊಂದು ನಿಲುಗಡೆ ಕೊಡು. ಆರನೆಯದಕ್ಕೆ ಮುಂಚೆ ಇನ್ನೂ ಉದ್ದ ನಿಲ್ಲು, ಹಾರ್ಮೋನಿಯಂನವರೂ ಸುಮ್ಮನಿರಲಿ.

ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯ (19ರಿಂದ 21) ಓದುವಾಗ ಕ್ರಮ ತಪ್ಪಬಾರದು. ಮನಸ್ಸಿದ್ದಲ್ಲಿ ನಿಧಿ ಎಂದು ತಿರುಗಿಸಿ ಹೇಳುವವರು ಬಹಳ. ಅಲ್ಲಿರುವುದು ನಿಧಿ ಎಲ್ಲೋ ಮನಸ್ಸೂ ಅಲ್ಲೇ ಎಂದು. ಮೊದಲು ಗಂಟು ಇಡು, ಮನಸ್ಸು ಅದರ ಹಿಂದೆ ಹೋಗುತ್ತದೆ. ಭೂಮಿಯ ಮೇಲಿನ ಗಂಟನ್ನು ಕಳೆಯುವವು ಎಂದು ಅಲ್ಲಿ ಬರುವ ನುಸಿ, ತುಕ್ಕು, ಕನ್ನ ಎಂಬ ಮೂರೂ ಬರೀ ಅಲಂಕಾರವಲ್ಲ. ಅಂದಿನವರ ಆಸ್ತಿಯಲ್ಲಿ ಬೆಲೆಬಾಳುವ ಬಟ್ಟೆಯೂ ಇರುತ್ತಿತ್ತು, ಮಣ್ಣಿನ ಗೋಡೆ ಕೊರೆಯುವುದು ಕಳ್ಳರಿಗೆ ಸುಲಭ. 13ನೇ ಅಧ್ಯಾಯದಲ್ಲಿ ಹೊಲದಲ್ಲಿ ನಿಧಿ ಕಂಡವನು ಅದನ್ನು ಮತ್ತೆ ಮುಚ್ಚಿಟ್ಟು, ಇದ್ದದ್ದೆಲ್ಲ ಮಾರಿ ಆ ಹೊಲ ಕೊಳ್ಳುತ್ತಾನೆ, ಅದೂ ಸಂತೋಷದಿಂದ. ಉಪನಿಷತ್ತಿನವರಿಗೆ ಸಿಗದ ನಿಧಿ ಇವನಿಗೆ ಸಿಕ್ಕಿತು ಎಂದು ಜೋಡಿಸಿ ಹೇಳು.

ಕೊನೆಗೆ ಸರ್ವಜ್ಞ, ನಮ್ಮ ಹಾವೇರಿ ಸೀಮೆಯವನು:

ಕೊಟ್ಟದ್ದು ತನಗೆ ಬಚ್ಚಿಟ್ಟದ್ದು ಪರರಿಗೆ
ಕೊಟ್ಟದ್ದು ಕೆಟ್ಟಿತೆನಬೇಡ ಮುಂದಕೆ
ಕಟ್ಟಿಹುದು ಬುತ್ತಿ ಸರ್ವಜ್ಞ

ತ್ರಿಪದಿಯ ಮೂರು ಸಾಲಲ್ಲಿ 11 ಗಣ (ಮಾತ್ರೆಗಳ ಗುಂಪು): 4, 4, 3. 6ನೆಯದು, 10ನೆಯದು ಮಾತ್ರ ಗಿಡ್ಡ, ಮೂರು ಮಾತ್ರೆಯ ಬ್ರಹ್ಮಗಣ. ಉಳಿದವು ಹೆಚ್ಚೂಕಡಿಮೆ ಐದು. ಇಲ್ಲಿ ಎಣಿಸಿ ನೋಡು, ಆ ಎರಡು ಗಿಡ್ಡ ಗಣ ಬೀಳುವುದು ‘ಕೆಟ್ಟಿ’ ಮತ್ತು ‘ಬುತ್ತಿ’ಯ ಮೇಲೆ. ಕಳಕೊಳ್ಳುವ ಭಯ ಒಂದರಲ್ಲಿ, ಉಳಿದ ಗಂಟು ಇನ್ನೊಂದರಲ್ಲಿ. ತಬಲಾದವರು ಐದೈದು ಮಾತ್ರೆಯಾಗಿ ನಡೆಯುವ ಝಪತಾಲ ಹಿಡಿದರೆ ಈ ಎರಡನ್ನೂ ಎಳೆದು ಐದಕ್ಕೆ ತುಂಬಿಸುತ್ತಾರೆ, ಪೆಟ್ಟು ಹೋಗಿಬಿಡುತ್ತದೆ. ಅದಕ್ಕೇ ಮೊದಲ ಸಲ ತಾಳವಿಲ್ಲದೆ ಹೇಳು. ಆಮೇಲೆ ನಮ್ಮ ಹೆಣ್ಣುಮಕ್ಕಳು ಹಾಡುವ ಹಾಗೆ ಎರಡನೇ ಸಾಲನ್ನು ಮರುಕಳಿಸಿ ಮೂರನೆಯದಕ್ಕೆ ಇಳಿ.

ಬಂಗಾರ ಕೆಟ್ಟದ್ದೇ ಅಲ್ಲವೇ ಎಂದು ಯಾರಾದರೂ ಕೇಳಿದರೆ ಅತ್ತಿಮಬ್ಬೆಯ ಹೆಸರು ಹೇಳು. 1007ರಲ್ಲಿ ಲಕ್ಕುಂಡಿಯ ಬ್ರಹ್ಮಜಿನಾಲಯ ಕಟ್ಟಿಸಿದವಳು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಯಿಸಿ ಹಂಚಿದವಳು. ಕಾಗಿನೆಲೆಯ ಕನಕದಾಸರಿಗೆ ಕೊಪ್ಪರಿಗೆ ಹೊನ್ನು ಸಿಕ್ಕ ಕಥೆಯನ್ನೂ ಸೇರಿಸಬಹುದು, ಆದರೆ ಐತಿಹ್ಯ ಎಂದು ಬಿಡಿಸಿ ಹೇಳು.

ತ್ರಿಪದಿಗೆ ಯಾವ ಧಾಟಿ ಹಿಡಿದೆ ಎಂದು ಬರಿ. ಹಾಡಿ ರೆಕಾರ್ಡ್ ಮಾಡಿ ಕಳಿಸಿದರೆ ಇನ್ನೂ ಚಲೋ.

ನಿನ್ನ ಅವ್ವ