ನೋಡಿ ಹಾಕುವ ನೀರು: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ "ಅಪ್ಪ, ನೀವು ಅಡುಗೆ ಕ್ಲಾಸಿಗಾ?" ಎಂದು ನಕ್ಕೆಯಲ್ಲ. ಪೂರ್ತಿ ಕಥೆ ಆಗ ಹೇಳುವ ಹಾಗಿರಲಿಲ್ಲ, ಅಮ್ಮ ಪಕ್ಕದಲ್ಲೇ ಕೂತಿದ್ದಳು. ಅದಕ್ಕೇ ಈ ಪತ್ರ.

ಕದ್ರಿ ಪಾರ್ಕಿನಲ್ಲಿ ಬೆಳಿಗ್ಗೆ ವಾಕಿಂಗ್ ಹೋಗುವ ನಮ್ಮ ಐದು ಜನ ನಿನಗೆ ಗೊತ್ತುಂಟು. ಬಿಜೈ ಕಡೆ ನಾವು ಮೀನೂಟಕ್ಕೆ ಹೋಗುವ ಹೋಟೆಲಿನಲ್ಲಿ ಭಾನುವಾರ ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಅಡುಗೆ ಕಲಿಸುತ್ತಾರೆ ಅಂತ ಮಾಸ್ಟ್ರು ಸುದ್ದಿ ತಂದರು. ನೀರುದೋಸೆ, ಕೋರಿ ಗಸಿ ಅಂದರೆ ಕೋಳಿ ಸಾರು. ತಲೆಗೆ 600 ರೂಪಾಯಿ. ಉಳಿದವರು ಸುಮ್ನೆ ತಮಾಷೆಗೆ ಬಂದದ್ದು. ನಾನು ಹೋದದ್ದು ಅಳತೆಗೆ. ನೀನು ಕೇಳಿದಾಗೆಲ್ಲ ಅಮ್ಮ "ಅಂದಾಜಿಗೆ ಹಾಕು" ಎನ್ನುತ್ತಾಳೆ, ಹೋಟೆಲಿನವರಾದರೂ ಸರಿಯಾದ ಲೆಕ್ಕ ಕೊಟ್ಟಾರು ಎಂಬ ಆಸೆ. 34 ವರ್ಷ ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತವನಿಗೆ ಅಂದಾಜು ಎಂದರೆ ಹೆದರಿಕೆ.

ಕಲಿಸಿದ್ದು ಅಲ್ಲಿಯ ಅಡುಗೆಯ ಅಕ್ಕ. ಶುರುವಿನಲ್ಲಿ ಎಲ್ಲ ಲೆಕ್ಕದ ಪ್ರಕಾರವೇ ಇತ್ತು. ಎರಡು ಲೋಟ ಬೆಳ್ತಿಗೆ (ಕುಚ್ಚಲಲ್ಲದ) ಅಕ್ಕಿ, ನಾಲ್ಕು ಗಂಟೆ ನೆನೆದದ್ದು. ಒಂದು ಲೋಟ ಕಾಯಿತುರಿ. ನುಣ್ಣಗೆ ಕಡೆಯಬೇಕು, ಹುಳಿ ಬರಿಸುವ ಕೆಲಸ ಇಲ್ಲ. ಎಲ್ಲ ಬರೆದುಕೊಂಡೆ. "ನೀರು ಎಷ್ಟು?" ಎಂದು ಕೇಳಿದೆ. "ತೂದು ಪಾಡ್ಲೆ" ಎಂದರು ತುಳುವಿನಲ್ಲಿ, ನೋಡಿ ಹಾಕಿ ಅಂತ. ಪೆನ್ನು ಮುಚ್ಚಿಟ್ಟೆ ಮಾರಾಯ್ತಿ! ನೋಡಿ ಹಾಕಲಿಕ್ಕೆ ಎಂತ ನೋಡಬೇಕು ಅಂತ ಗೊತ್ತಿದ್ದರೆ ನಾನು ಅಲ್ಲಿಗೆ ಯಾಕೆ ಹೋಗ್ತಿದ್ದೆ?

ಆದರೆ ಪಾಪ, ಎಂತ ನೋಡಬೇಕು ಅಂತಲೂ ತೋರಿಸಿದರು. ಸೌಟನ್ನು ಹಿಟ್ಟಿನಲ್ಲಿ ಮುಳುಗಿಸಿ ಎತ್ತಿದರೆ ಅದರ ಬೆನ್ನಿಗೆ ತೆಳ್ಳಗೆ ಬಿಳಿ ಅಂಟಿರಬೇಕು, ಅಡಿಯ ಸ್ಟೀಲು ಕಾಣಬೇಕು. ಕಾವಲಿಗೆ ಹೊಯ್ದರೆ "ಚೊಂಯ್" ಎನ್ನಬೇಕು. ಎನ್ನದಿದ್ದರೆ ಕಾವಲಿ ಕಾದಿಲ್ಲ. ಸದ್ದು ಬಂದೂ ತೂತು ಬೀಳಲಿಲ್ಲವೋ, ಹಿಟ್ಟು ದಪ್ಪ. ಎಬ್ಬಿಸುವಾಗ ಹರಿಯಿತೋ, ನೀರು ಜಾಸ್ತಿ, ಒಂದು ಚಮಚ ಅಕ್ಕಿಹಿಟ್ಟು ಸೇರಿಸು. ಅಂಚಿನಿಂದ ಸುತ್ತ ಹೊಯ್ಯುತ್ತ ನಡುವಿಗೆ ಬರಬೇಕು. ಉದ್ದಿನ ದೋಸೆಯ ಹಾಗೆ ಸೌಟಿನಲ್ಲಿ ಹರಡಲಿಕ್ಕಿಲ್ಲ. ಪ್ರತಿ ಸಲ ಹಿಟ್ಟನ್ನು ತಳದಿಂದ ಕಲಕಬೇಕು, ಅಕ್ಕಿ ಅಡಿಯಲ್ಲಿ ಕೂತುಬಿಡುತ್ತದೆ. ನಾನು ಕಲಕಲಿಲ್ಲ, ಕೈಯೂ ನಡುಗಿತು. ಭೂಗೋಳ ಪಾಠ ಮಾಡುತ್ತಿದ್ದ ಮಾಸ್ಟ್ರು ನನ್ನ ಮೊದಲ ದೋಸೆ ನೋಡಿ "ಲಕ್ಷದ್ವೀಪ" ಎಂದರು.

ಗಸಿಯ ಪಟ್ಟಿ ವಾಟ್ಸಾಪಿನಲ್ಲಿ ಹಾಕುತ್ತೇನೆ. ಒಂದು ಮಾತ್ರ ಇಲ್ಲೇ ಹೇಳಬೇಕು: ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಮೆಂತೆ ಎಲ್ಲ ಬೇರೆ ಬೇರೆಯೇ ಹುರಿ. ಟೈಲರ್ ಅಂಕಲ್ ಮೊಬೈಲಿನಲ್ಲಿ ವಿಡಿಯೋ ಮಾಡುತ್ತ ಮೆಂತೆಯನ್ನು ಕರಿ ಮಾಡಿದರು. ಅಕ್ಕ ಆಚೆ ಒಲೆಯ ಹತ್ತಿರ ನಮಗೆ ಬೆನ್ನು ಹಾಕಿ ನಿಂತಿದ್ದರು. ತಿರುಗಲೂ ಇಲ್ಲ, "ಮೆಂತೆ ಹೋಯ್ತು" ಎಂದರು. ಕಹಿ ಆಗುತ್ತದೆ ಅಂತ ಅದನ್ನು ಚೆಲ್ಲಿ ಬೇರೆ ಹುರಿದದ್ದು.

ಮನೆಗೆ ಬಂದು ಎಲ್ಲ ವರದಿ ಒಪ್ಪಿಸಿದೆ. "ಇದಕ್ಕೆ 600 ಕೊಟ್ಟಿರಾ?" ಎಂದಳು ಅಮ್ಮ. ಅವಳು ಬೇಕೆಂದೇ ಅಳತೆ ಹೇಳುವುದಿಲ್ಲ ಅಂತ ನಾವಿಬ್ಬರೂ ಅಂದುಕೊಂಡಿದ್ದೆವು, ಅಲ್ವಾ? ಮರುದಿನ ಬೆಳಿಗ್ಗೆ ನಾನು ದೋಸೆಗೆ ನಿಂತೆ. ಅವಳು ಚಾವಡಿಯಲ್ಲಿ ಪೇಪರ್ ಓದುತ್ತಿದ್ದಳು. ಮೊದಲ ಸೌಟು ಹೊಯ್ದದ್ದೇ ತಡ, ಅಲ್ಲಿಂದಲೇ ಕೂಗಿದಳು: "ಕಾವಲಿ ಕಾದಿಲ್ಲ!"

ನಿನ್ನದು ನಾನ್‌ಸ್ಟಿಕ್ ಅಲ್ವಾ? ನಮ್ಮ ಮನೆಯ ನಾನ್‌ಸ್ಟಿಕ್ಕಿನಲ್ಲಿ ನನಗಂತೂ ಆ ಸದ್ದು ಸಿಗಲಿಲ್ಲ. ಅದಕ್ಕೆ ಬಂದರಿನ ಅಂಗಡಿಯಿಂದ ಒಂದು ಬೀಡಿನ ಕಾವಲಿ ತಂದಿದ್ದೇನೆ. ಅಮ್ಮ ನಾಲ್ಕು ದಿನ ಎಣ್ಣೆ ಸವರಿ ಪಳಗಿಸಿದ್ದಾಳೆ. ಸಾಬೂನು ಹಾಕಿ ಉಜ್ಜಬೇಡ. ಹೊಯ್ಯುವ ಮುಂಚೆ ಅರ್ಧ ನೀರುಳ್ಳಿಯನ್ನು ತೆಂಗಿನೆಣ್ಣೆಗೆ ಅದ್ದಿ ಸವರಿದರೆ ಸಾಕು. ಮೊದಲ ದೋಸೆ ಹೊಯ್ಯುವಾಗ ಫೋನ್ ಮಾಡು, ಸ್ಪೀಕರಿನಲ್ಲಿ ಹಾಕಿ ಒಲೆಯ ಹತ್ತಿರ ಇಡು. ಅಮ್ಮ ಕೇಳುತ್ತಾಳಂತೆ.

ಶುಕ್ರವಾರ ರಾತ್ರಿಯ ಬಸ್ಸಿಗೆ ಹಾಕುತ್ತೇನೆ. ಬೆಳಿಗ್ಗೆ ಗೊರಗುಂಟೆಪಾಳ್ಯದಲ್ಲಿ ಇಳಿಸಿಕೋ. ಭಾರ ಉಂಟು, ಸ್ಕೂಟರಿನಲ್ಲಿ ಹೋಗಬೇಡ, ಆಟೋ ಮಾಡು.

ಅಪ್ಪ